ಅಶ್ವಗಂಧ ತಿಂದು ಎತ್ತು ಕೊಂಡದ್ದು

ನಿದ್ದೆಯನ್ನು ಒಂದೇ ವಾರದಲ್ಲಿ ಬಗ್ಗಿಸಿ ತೋರಿಸುತ್ತೇನೆಂದು ಮನೆಯಲ್ಲಿ ಘೋಷಿಸಿದೆ. ಮೂವತ್ತು ವರ್ಷ ಹತ್ತಿ, ಕಡಲೆ ವ್ಯಾಪಾರ ಮಾಡಿ ನವಲಗುಂದದ ಎಂಥೆಂಥವರನ್ನೋ ಬಗ್ಗಿಸಿದವನಿಗೆ ನಿದ್ದೆ ಯಾವ ಲೆಕ್ಕ? ಎಂಟು ವರ್ಷದ ಶುಗರ್ ನನ್ನದು. "ನಿದ್ದಿ ಸರಿ ಆಗದ ಶುಗರ್ ಹಿಡಿತಕ್ಕ ಬರಂಗಿಲ್ಲ" ಎಂದು ಡಾಕ್ಟರು ಹೇಳಿದ್ದೇ ತಡ, ನಿದ್ದೆ ಬರಿಸಲು ಅಶ್ವಗಂಧದ ಪುಡಿ ತಂದೆ. ಡಬ್ಬಿಯ ಮೇಲೆ ಅರ್ಧ ಚಮಚ ಎಂದಿತ್ತು. ಅದು ಅಂಜುಬುರುಕರ ಅಳತೆ. ನಾನು ಎರಡು ಚಮಚ ಹಾಕಿದೆ.

"ಡಾಕ್ಟರಿಗೆ ಒಂದ್ ಮಾತ ಕೇಳ್ರಿ," ಎಂದಳು ಹೆಂಡತಿ ಸಾವಂತ್ರೆವ್ವ.

"ಗಿಡದ ಬೇರಿಗೆ ಡಾಕ್ಟರ್ ಯಾಕ ಬೇಕ?"

"ಎಕ್ಕಿ ಗಿಡಾನೂ ಗಿಡಾನ ಐತ್ರಿ. ತಿಂತೀರೇನು?"

ನಾನು ಪುಡಿಯನ್ನು ಹಾಲಿನ ಜೊತೆ ಗಟಗಟ ಇಳಿಸಿದೆ. ಸೋಲುವ ಮಾತಿಗೆ ವ್ಯಾಪಾರಿ ಉತ್ತರ ಕೊಡುವುದಿಲ್ಲ.

ನಿದ್ದೆ ಬಂತು, ಸುಳ್ಳು ಹೇಳಬಾರದು. ಎಷ್ಟು ಬಂತೆಂದರೆ, ದನದ ಸಂತೆಗೆ ಹೋಗಬೇಕಿದ್ದ ದಿನ ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿತ್ತು. ಹಿಂಗಾರಿ ಬಿತ್ತನೆ ಹತ್ತಿರ. ನಮ್ಮ ಒಂಟಿ ಎತ್ತಿಗೆ ಅಂದು ಜೋಡಿ ಸಿಗದಿದ್ದರೆ ಹೊಲ ಬೀಳು ಬೀಳುತ್ತಿತ್ತು. ಶುಗರ್ ಗುಳಿಗೆ ನುಂಗಿ, ಉತ್ಸಾಹಕ್ಕೆ ಮತ್ತೆರಡು ಚಮಚ ಪುಡಿ ಮುಕ್ಕಿ, ನಾಷ್ಟಾ ಬಿಟ್ಟು ಓಡಿದೆ. ಹಿಂದೆಯೇ ಸಾವಂತ್ರೆವ್ವ, ಹೊಸ ಎತ್ತಿಗೆ ತಿನ್ನಿಸಲು ಬೆಲ್ಲದ ಗಂಟು ಹಿಡಿದು.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಬೇಕು. ಒಂದು ಒತ್ತಿಗೆ ಒಂದು ಸಾವಿರ ಏರಿಕೆ. ಎತ್ತಿನ ಮಾಲೀಕ ಭರಮಪ್ಪನ ಕೈ ಹಿಡಿದೆ. ಅದೇ ಹೊತ್ತಿಗೆ ಮೈಯೆಲ್ಲ ಬೆವರಿ ಬೆರಳು ನಡುಗತೊಡಗಿತು. ಒತ್ತು, ಒತ್ತು, ಮತ್ತೊಂದು ಒತ್ತು!

ಭರಮಪ್ಪ ಕಣ್ಣರಳಿಸಿದ. "ಸಾವಕಾರ್ರ, ನಾ ಸುಮ್ನ ನಿಂತೀನ್ರಿ. ನೀವ ಏರಸಾಕತ್ತೀರಿ."

"ಅದು ಏರ್ಸೂದಲ್ಲಪಾ, ಶುಗರ್ ಇಳದೈತಿ," ಎಂದವಳೇ ಸಾವಂತ್ರೆವ್ವ ಎತ್ತಿನ ಪಾಲಿನ ಬೆಲ್ಲವನ್ನು ನನ್ನ ಬಾಯಿಗೆ ತುರುಕಿದಳು. "ಅಗೀರಿ. ಮಾತಾಡಬ್ಯಾಡ್ರಿ." ಗುಳಿಗೆಯ ಜೊತೆ ಸೇರಿದರೆ ಆ ಪುಡಿಯೂ ಶುಗರ್ ಇಳಿಸಬಲ್ಲದೆಂದು ಡಾಕ್ಟರು ಆಮೇಲೆ ಬೈದು ಹೇಳಿದರು; ಇಳಿದದ್ದನ್ನು ಇವಳು ಮುಖ ನೋಡಿಯೇ ತಿಳಿದಿದ್ದಳು.

ನಾನು ಕಲ್ಲಿನ ಮೇಲೆ ಕುಳಿತು ಅಗಿಯುತ್ತಿದ್ದೆ. ಅವಳು ಟವೆಲ್ ಎತ್ತಿಕೊಂಡು ಕೈ ಚಾಚಿದಳು. "ಹೂಂ, ಹಿಡೀಪಾ. ವ್ಯವಹಾರ ಮುಗಸೂಣು."

ಭರಮಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಅವ್ವಾರ, ನಿಮ್ಮ ಕೈ ಹೆಂಗ ಹಿಡೀಲ್ರಿ?"

"ಹಂಗಾರ ಬಾಯಿಲೇ ಹೇಳಪಾ. ಮಂದೀನೂ ಕೇಳ್ಲಿ."

ಸುತ್ತಲಿನ ಇಪ್ಪತ್ತು ಮಂದಿ ಕಿವಿ ನಿಮಿರಿಸಿದರು. ಟವೆಲ್ಲಿನ ಕೆಳಗೆ ಏರಿದ ಬೆಲೆಯನ್ನು ಬಯಲಲ್ಲಿ ಹೇಳಿ, ದುಬಾರಿಯೆಂದು ಮಂದಿಯಿಂದ ಉಗಿಸಿಕೊಳ್ಳುವ ಎದೆಗಾರಿಕೆ ಯಾರಿಗಿದೆ? ಭರಮಪ್ಪ ಗಂಟಲು ಸರಿಮಾಡಿಕೊಂಡು, ನಾನು ಮನಸ್ಸಿನಲ್ಲಿಟ್ಟುಕೊಂಡು ಬಂದದ್ದಕ್ಕಿಂತಲೂ ಕಡಿಮೆ ಹೇಳಿದ. ನನ್ನ ಇಡೀ ವ್ಯಾಪಾರದ ಬದುಕಿನಲ್ಲಿ ಇಂಥ ಪಟ್ಟು ಕಂಡಿರಲಿಲ್ಲ. ಬಾಯಲ್ಲಿ ಬೆಲ್ಲವಿಲ್ಲದಿದ್ದರೆ ಭಲೇ ಎನ್ನುತ್ತಿದ್ದೆ.

ಅವಳು ಒಂದು ಕೈಯಲ್ಲಿ ಎತ್ತಿನ ಹಗ್ಗ, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದಳು. "ನಡೀರಿ, ಮದಲ ಡಾಕ್ಟರ ಕಡೆ ಹೋಗೂಣು."

ಭರಮಪ್ಪ ಎತ್ತನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೇಳಿದ: "ಅವ್ವಾರ, ಎತ್ತಿಗೆ ನಾ ಗ್ಯಾರಂಟಿ ಕೊಡ್ತೀನ್ರಿ. ಇನ್ನೊಂದರದು ನಿಮಗ ಬಿಟ್ಟದ್ದು."