ಸಮುವೇಲಪ್ಪನ ಎರಡು ಹೆಬ್ಬೆರಳು

ಪ್ರಾರ್ಥನೆ ಮಾಡುವುದೇನು ಮಹಾ ಕೆಲಸ! ಕಣ್ಣು ಮುಚ್ಚಬೇಕು, ಬಾಯಿ ತೆಗೆಯಬೇಕು, ಕೊನೆಗೆ ಆಮೆನ್ ಅನ್ನಬೇಕು. ಇಷ್ಟಕ್ಕೆ ತರಬೇತಿ ಬೇರೆ ಯಾಕೆ ಎಂದು ನಾನು ಅಂದುಕೊಂಡಿದ್ದೆ.

ನಮ್ಮ ಅಯ್ಯನವರಿಗೆ, ಅಂದರೆ ಚರ್ಚಿನ ಪಾಸ್ಟರಿಗೆ, ಬೇರೆ ದಾರಿ ಇರಲಿಲ್ಲ. ರೋಣ, ನರಗುಂದ, ಗಜೇಂದ್ರಗಡ ಎಲ್ಲ ಕಡೆಗೂ ಅವರೊಬ್ಬರೇ. ಅವರಿಗಿರುವುದು ಒಂದು ಮೋಟರ್‌ಸೈಕಲ್. ಅದಕ್ಕೆ ಭಕ್ತಿ ಕಡಿಮೆ. ಸರಿಯಾಗಿ ಭಾನುವಾರವೇ ಕೆಡುತ್ತದೆ. ಆದ್ದರಿಂದ ಸಭೆಯ ಸಹಾಯಕರಾದ ಡೀಕನ್ನರಿಗೂ ನಮ್ಮಂಥ ಸಾಮಾನ್ಯ ವಿಶ್ವಾಸಿಗಳಿಗೂ ಸೇವೆ ಕಲಿಸುವುದೆಂದು ಗಜೇಂದ್ರಗಡದ ಚರ್ಚಿನಲ್ಲಿ ತರಬೇತಿ ಇಟ್ಟರು. ರೋಣದಿಂದ ಯಾರು ಬರುತ್ತೀರಿ ಎಂದಾಗ ಎಲ್ಲರೂ ನೆಲ ನೋಡಿದರು. ನಾನು ಕೈ ಎತ್ತಿದೆ.

ಮನೆಗೆ ಬಂದದ್ದೇ ತಡ, ನಮ್ಮ ಯಜಮಾನರು ಯಾಕೋಬಪ್ಪ ಶುರು ಮಾಡಿದರು.

"ನೀ ಒಂದು ಸಾಲ ಓದೂದ್ರಾಗ ಸೂರ್ಯಾ ಮುಳುಗ್ತಾನ. ಏನ್ ಸೇವಾ ಮಾಡ್ತಿ ಮಾರ್ತಾ?"

"ದೇವರೇನ್ ನನ್ನ ಪರೀಕ್ಷಾ ಪೇಪರ್ ನೋಡ್ತಾನೇನ್ರಿ?"

"ಪೇಪರ್ ನೋಡಿದ್ರ ಪಾಸ್ ಮಾಡ್ತಿದ್ದ. ಬಾಯಿ ಕೇಳ್ತಾನ, ಅದಕ್ಕ ಹೆದರಿಕಿ!"

ತರಬೇತಿಯಲ್ಲಿ ನನ್ನ ಗರ್ವ ಮೊದಲ ದಿನವೇ ಇಳಿಯಿತು. ನಾಲ್ಕು ಜನರ ಮುಂದೆ ಎದ್ದು ನಿಂತರೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು. "ಪರಲೋಕದ ತಂದೆಯೇ" ಎಂದವಳು ಮುಂದೆ ದಾರಿ ಕಾಣದೆ ಅಲ್ಲೇ ನಿಲ್ಲುತ್ತಿದ್ದೆ. ತಂದೆಯೂ ಪಾಪ, ಎಷ್ಟು ಹೊತ್ತು ಕಾಯಬೇಕು!

ಅಯ್ಯನವರು ಧೈರ್ಯ ಹೇಳಿದರು. "ಮಾರ್ತವ್ವಾರ, ರೋಗಿ ಮನ್ಯಾಗ ಮಾತು ಮುಖ್ಯ ಅಲ್ರಿ. ಕೈ ಕಟ್ಕೊಂಡು ನಿಂದರಬ್ಯಾಡ್ರಿ. ಹೊದಿಕಿ ಸರಿ ಮಾಡ್ರಿ, ದಿಂಬು ಸರಿ ಮಾಡ್ರಿ. ನಿಮ್ಮ ಕೈನೂ ಪ್ರಾರ್ಥನಾ ಮಾಡ್ಲಿ."

ಈ ಮಾತು ನನಗೆ ಬಹಳ ಹಿಡಿಸಿತು. ಯಾಕೆಂದರೆ ನನ್ನ ಕೈಗೆ ಅಂಜಿಕೆ ಎಂಬುದೇ ಗೊತ್ತಿಲ್ಲ. ನಮ್ಮ ಓಣಿಯಲ್ಲಿ ಯಾರ ಉಸಿರು ನಿಂತರೂ ಮೊದಲು ಕರೆಯುವುದು ನನ್ನನ್ನು. ಮೈ ಸೆಟೆಯುವುದರೊಳಗೆ ಕಾಲು ನೆಟ್ಟಗೆ ಎಳೆಯಬೇಕು, ಕೈ ಎದೆಯ ಮೇಲೆ ಜೋಡಿಸಬೇಕು, ಅರಿವೆಯ ಚೂರಿನಿಂದ ಎರಡೂ ಹೆಬ್ಬೆರಳು ಕೂಡಿಸಿ ಕಟ್ಟಬೇಕು. ಮನೆಯವರು ಅಳುತ್ತಾ ಕೂತಿರುತ್ತಾರೆ, ಯಾರಾದರೂ ಮಾಡಬೇಕಲ್ಲ! ಪ್ರಾಯದಿಂದ ಇದನ್ನೇ ಮಾಡುತ್ತಾ ಬಂದವಳು ನಾನು. ಅದು ಸೇವೆ ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ತರಬೇತಿ ಮುಗಿದ ಮೇಲೆ ಅಯ್ಯನವರ ಎದುರಿಗೆ ಒಬ್ಬ ರೋಗಿಗೆ ಪ್ರಾರ್ಥನೆ ಮಾಡಿ ತೋರಿಸಬೇಕಿತ್ತು. ನನ್ನ ಪಾಲಿಗೆ ಬಂದವನು ನಮ್ಮ ಓಣಿಯ ಸಮುವೇಲಪ್ಪ. ಅವನಿಗೆ ಹರ್ನಿಯಾ. ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು, ಲಗೂ ಆಪರೇಷನ್ ಆಗಬೇಕು ಎಂದು ಗದಗಿನ ಡಾಕ್ಟರು ಹೇಳಿದ್ದರು. ಇವನೋ ಕತ್ತಿ ಎಂದರೆ ನಡುಗುವವನು. ಹಿಂದಿನ ವಾರ ಗಾಡಿ ಹತ್ತಿದವನು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮನೆಗೆ ಓಡಿ ಬಂದಿದ್ದ. ಈ ದಿನ ಮತ್ತೆ ಗಾಡಿ ಬಾಗಿಲಿಗೆ ಬಂದು ನಿಂತಿತ್ತು.

ಅವನ ಹೆಂಡತಿ ಸುಂದ್ರವ್ವ ಬಾಗಿಲಲ್ಲೇ ನನ್ನ ಕೈ ಹಿಡಿದಳು. "ಯಕ್ಕಾ, ಧೈರ್ಯಾ ಬರೂವಂಗ ಪ್ರಾರ್ಥನಾ ಮಾಡ. ಇವತ್ತೂ ಹೋಗ್ಲಿಲ್ಲಂದ್ರ ಇವರು ನನಗ ಉಳಿಯೂದಿಲ್ಲ."

ಒಂದು ಜೀವ ನನ್ನ ಬಾಯಿಯ ಮೇಲೆ ನಿಂತಿದೆ. ಬಾಯಿಯೋ ಒಣಗಿದ ಹಳ್ಳ!

ಸಮುವೇಲಪ್ಪ ಮಂಚದ ಮೇಲೆ ಮುದುಡಿ ಮಲಗಿದ್ದ. ಎಲ್ಲರೂ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. "ಪರಲೋಕದ ತಂದೆಯೇ..." ಎಂದೆ. ಆಶ್ಚರ್ಯ! ಮಾತು ಹರಿಯಿತು! ಡಾಕ್ಟರ ಕೈಗೆ ಬಲ ಕೊಡು ಎಂದೆ, ನಿನ್ನ ಈ ಮಗನ ಅಂಜಿಕೆ ತೆಗೆ ಎಂದೆ, ಸುಂದ್ರವ್ವನ ಕಣ್ಣೀರು ಒರೆಸು ಎಂದೆ. ಸುಂದ್ರವ್ವ ಬಿಕ್ಕಿದಳು. ಅಯ್ಯನವರು ಮೆಲ್ಲಗೆ "ಹೌದು ಕರ್ತನೇ" ಎಂದರು. ಇಂಥ ಪ್ರಾರ್ಥನೆ ರೋಣ ಕೇಳಿಯೇ ಇಲ್ಲ ಎಂದುಕೊಳ್ಳುತ್ತಾ ಗಟ್ಟಿಯಾಗಿ ಆಮೆನ್ ಹೇಳಿ ಕಣ್ಣು ತೆರೆದೆ.

ಮಂಚದ ಮೇಲೆ ಹೆಣವಿತ್ತು!

ಕಾಲು ನೆಟ್ಟಗೆ. ಕೈ ಎದೆಯ ಮೇಲೆ, ಹೊದಿಕೆಯ ಹೊರಗೆ. ಹೊದಿಕೆ ಗದ್ದದ ತನಕ. ಎರಡೂ ಹೆಬ್ಬೆರಳನ್ನು ಅವನದೇ ಕರವಸ್ತ್ರದಿಂದ ಬಿಗಿಯಾಗಿ ಕಟ್ಟಿತ್ತು. ಗಂಟು ನನ್ನದೇ; ಓಣಿಯಲ್ಲಿ ಬೇರೆ ಯಾರಿಗೂ ಆ ಗಂಟು ಬರುವುದಿಲ್ಲ. ಬಾಯಿ ದೇವರ ಹತ್ತಿರ ಮಾತಾಡುತ್ತಿದ್ದಾಗ ಕೈ ತನಗೆ ಗೊತ್ತಿದ್ದ ಕೆಲಸ ಮುಗಿಸಿತ್ತು! ಪ್ರಾರ್ಥನೆ ನಡೆದಾಗ ಅಲುಗಬಾರದೆಂದು ಸಮುವೇಲಪ್ಪನೂ ಭಕ್ತಿಯಿಂದ ಕಣ್ಣು ಮುಚ್ಚಿ ಬಿದ್ದಿದ್ದ.

ಸುಂದ್ರವ್ವ ನೋಡಿದಳು. "ಹೋದ್ರ್ಯೋ ಯಪ್ಪಾ! ನನ್ನ ನಡುನೀರಾಗ ಬಿಟ್ಟು ಹೋದ್ರ್ಯೋ!" ಎಂದು ಎದೆ ಬಡಿದುಕೊಂಡಳು. ಓಣಿ ಓಡಿ ಬಂತು. ಕಿಟಕಿಯಿಂದ ಯಾರೋ ಕೇಳಿದರು: "ಮಣ್ಣು ಕೊಡೂದು ಯಾವಾಗ್ರಿ? ಹೊಲಕ್ಕ ಹೊಂಟೇನಿ, ನಾ ಬಂದ ಮ್ಯಾಲೆ ಮಾಡ್ರಿ." ಗಾಡಿಯ ಡ್ರೈವರ್ ಎಂಜಿನ್ ಬಂದ್ ಮಾಡಿ ಟೋಪಿ ತೆಗೆದ.

ಗದ್ದಲಕ್ಕೆ ಸಮುವೇಲಪ್ಪ ಕಣ್ಣು ಬಿಟ್ಟ. ತನ್ನ ಕೈ ನೋಡಿಕೊಂಡ. ಚೀರಿ ಎದ್ದ. ಬೆರಳು ಕಟ್ಟಿದ್ದರಿಂದ ಗೋಧಿ ಚೀಲದ ಹಾಗೆ ಅಯ್ಯನವರ ಮೈಮೇಲೆ ಬಿದ್ದ!

"ಏನ್ ಮಾಡಿದಿಬೇ ಯಕ್ಕಾ? ನಾ ಇನ್ನೂ ಜೀವಂತ ಅದೀನಿ!"

ಸಮಾಧಾನ ಹೇಳುವುದು ನನ್ನ ಕರ್ತವ್ಯವಲ್ಲವೇ? ಹೇಳಿದೆ. "ಅಂಜಬ್ಯಾಡೋ ತಮ್ಮಾ. ಇಲ್ಲೀತನಾ ನಾ ಕಟ್ಟಿದವರೊಳಗ ಎದ್ದಾಂವ ನೀ ಒಬ್ಬನ!"

ಅವನ ಮುಖ ಬೂದಿಯಾಯಿತು. "ದವಾಖಾನಿ ಒಲ್ಲೆ. ಕತ್ತಿ ಹಚ್ಚೂದಕ್ಕ ಮೊದಲ ಸಾವಿನ ಗುರುತು ಆತು. ನಾ ಮನ್ಯಾಗ ಸಾಯ್ತೀನಿ" ಎಂದು ಹಲ್ಲಿನಿಂದ ಗಂಟು ಬಿಚ್ಚಿಕೊಂಡು ಮಂಚದ ಕಾಲು ಅಪ್ಪಿ ಕೂತ. ಸುಂದ್ರವ್ವ ನನ್ನನ್ನು ನೋಡಿದ ನೋಟ ಈಗಲೂ ಎದೆಯಲ್ಲಿದೆ.

ನನಗೆ ಖರೇ ಹೆದರಿಕೆ ಹತ್ತಿತು. ಕೆಡಿಸಿದವಳು ನಾನು, ಸರಿ ಮಾಡಬೇಕಾದವಳೂ ನಾನೇ. ಸೆರಗು ಬಿಗಿದು ಅವನ ಪಕ್ಕ ಕೂತೆ. "ಹಂಗಾರ ನಾ ಎಲ್ಲೂ ಹೋಗೂದಿಲ್ಲ. ನೀ ಹೂಂ ಅನ್ನೂತನಾ ಇಲ್ಲೇ ಕೂತು ಪ್ರಾರ್ಥನಾ ಮಾಡ್ತೀನಿ" ಎಂದು ಕಣ್ಣು ಮುಚ್ಚಿ ಕೈ ಚಾಚಿದೆ.

ಕೈಗೆ ಏನೂ ಸಿಗಲಿಲ್ಲ. ಕಣ್ಣು ತೆರೆದರೆ ಮಂಚದ ಹತ್ತಿರ ಯಾರೂ ಇಲ್ಲ. ಹೊರಗಿನಿಂದ ದನಿ ಕೇಳಿತು: "ಗಾಡಿ ಬಿಡೋ! ಲಗೂ ಬಿಡೋ! ಅಕಿ ಹೊರಗ ಬರೂದ್ರಾಗ ಬಿಡೋ!"

ಅವರು ಹೋದ ಮೇಲೆ ಅಂಜುವ ಸರದಿ ನನ್ನದು. ಅವನಿಗೆ ಏನಾದರೂ ಆದರೆ? ಗುರುತು ಮಾಡಿ ಕಳಿಸಿದವಳು ನಾನೇ ಎಂದು ಊರೆಲ್ಲ ಹೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಸುಂದ್ರವ್ವನ ಮುಂದೆ ಹೇಗೆ ನಿಲ್ಲಲಿ? ಒಲೆ ಹಚ್ಚಲಿಲ್ಲ. ಯಾಕೋಬಪ್ಪ ಚುರುಮುರಿ ತಿನ್ನುತ್ತಾ ಕೂತರು.

"ಒಂದಿಷ್ಟು ಪ್ರಾರ್ಥನಾ ಮಾಡಬಾರದೇನ" ಎಂದರು.

"ಮಾಡಾಕತ್ತೀನ್ರಿ."

"ಕೈ ಎಲ್ಲೈತಿ?"

"ಕುಂಡಿ ಕೆಳಗ ಇಟ್ಕೊಂಡೀನಿ!"

ಅವರು ನಗಲಿಲ್ಲ. ಚುರುಮುರಿಯನ್ನು ಅಲ್ಲೇ ಇಟ್ಟು ನನ್ನ ಪಕ್ಕ ಬಂದು ಕೂತರು.

ಸಂಜೆ ಸುಂದ್ರವ್ವನ ಫೋನ್ ಬಂತು. ಎತ್ತಲು ನನಗೆ ಧೈರ್ಯವಾಗಲಿಲ್ಲ, ಯಾಕೋಬಪ್ಪ ಎತ್ತಿದರು. "ಚಲೋ ಆತಂತ. ಗಂಜಿ ಬೇಡಾಕತ್ತಾನಂತ" ಎಂದರು. ನಾನು ಗೋಡೆಗೆ ಒರಗಿ ಬಹಳ ಹೊತ್ತು ಅತ್ತೆ. ಇದನ್ನು ಓಣಿಯಲ್ಲಿ ಯಾರಿಗೂ ಹೇಳಿಲ್ಲ.

ಸಮುವೇಲಪ್ಪ ಗುಣವಾಗಿ ಚರ್ಚಿಗೆ ಬಂದು ದೇವರ ಉಪಕಾರಕ್ಕೆ ಸಾಕ್ಷಿ ಹೇಳಲು ಎದ್ದ. "ನನ್ನ ಅಂಜಿಕಿ ಬಿಡಿಸಿದಾಕಿ ಮಾರ್ತಕ್ಕ" ಎಂದ. ನಾನು ಸೆರಗು ಸರಿ ಮಾಡಿಕೊಂಡು ಎದೆ ಉಬ್ಬಿಸಿ ಕೂತೆ. "ಅಕಿ ಕೈ ನೋಡಿದ ಮ್ಯಾಲೆ ಡಾಕ್ಟರ ಕತ್ತಿ ಹೂವಿನಂಗ ಕಾಣ್ತು!" ಎಂದ. ಸಭೆ ನಕ್ಕಿತು. ಅಯ್ಯನವರೂ ನಕ್ಕರು. ನನ್ನನ್ನು ಪಾಸು ಮಾಡಿದರು, ಒಂದೇ ಷರತ್ತು: ಪ್ರಾರ್ಥನೆ ಮಾಡುವಾಗ ಎರಡೂ ಕೈಯಲ್ಲಿ ಬೈಬಲ್ ಹಿಡಿದಿರಬೇಕು, ಬಿಡಬಾರದು.

ಈಗ ನಾನು ಬರುತ್ತೇನೆಂದರೆ ಮಲಗಿದವರು ಎದ್ದು ಕೂರುತ್ತಾರೆ. ಇದೂ ಸೇವೆಯೇ ಎಂದು ಬೀಗುತ್ತಿದ್ದೆ.

ಮೊನ್ನೆ ನನಗೇ ಜ್ವರ ಬಂತು. ಮಧ್ಯಾಹ್ನ ಮಲಗಿದವಳಿಗೆ ಎಚ್ಚರವಾದಾಗ ನೋಡುತ್ತೇನೆ: ಕಾಲು ನೆಟ್ಟಗೆ, ಕೈ ಎದೆಯ ಮೇಲೆ, ಹೊದಿಕೆ ಗದ್ದದ ತನಕ. ಮನೆಯಲ್ಲಿ ನನ್ನ ಎರಡು ಕೈ ಬಿಟ್ಟರೆ ಯಾರೂ ಇರಲಿಲ್ಲ!

ಹೆಬ್ಬೆರಳು ನೋಡಿಕೊಳ್ಳಲಿಲ್ಲ. ಎದ್ದವಳೇ ಹೋಗಿ ರೊಟ್ಟಿ ಬಡಿಯತೊಡಗಿದೆ.