ಎದ್ದು ನಿಲ್ಲುವ ಸ್ಕ್ರೀನು, ಅಲ್ಲಾಡುವ ಮೇಜು

ಗರ್ರ್ರ್... ಧಡ್! ನಮ್ಮ ಮನೆಯ ಕೆಳಗಿನ ಬೇಕರಿಯ ಶಟರ್ ಏಳುವ ಸದ್ದು ಇದು. ಈ ಸದ್ದಿಗೆ ಕಿಟಕಿಯ ಗಾಜು ಗುಂಯ್‌ಗುಡುತ್ತದೆ, ಪಕ್ಕದ ಕೋಣೆಯಲ್ಲಿ ಅತ್ತೆ ಮಗ್ಗುಲು ಬದಲಿಸುತ್ತಾರೆ. ನಮ್ಮ ಕೆಲಸದ ಮೇಜು ಮಾತ್ರ ಬಂಡೆಯ ಹಾಗೆ ನಿಂತಿರುತ್ತದೆ. ಅಂಥ ಮೇಜು, ನಾನು ಪೆನ್ನು ಹಿಡಿದು ಕೂತರೆ ಸಾಕು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗತೊಡಗುತ್ತದೆ! ಅವತ್ತು ಬೆಳಿಗ್ಗೆ ಶಟರಿನ ಸದ್ದಿಗೆ ಎದ್ದು ಕೂತವಳೇ ಘೋರ ಪ್ರತಿಜ್ಞೆ ಮಾಡಿದೆ.

"ಇವತ್ತಿನಿಂದ ಈ ಮನೆಯಲ್ಲಿ ಒಂದೇ ಒಂದು ಸ್ಕ್ರೂ ಕೂಡ ಹಾರಲ್ಲ. ಹಾರೋಕೆ ನಾನು ಬಿಡಲ್ಲ!"

ಪಕ್ಕದಲ್ಲಿ ಮಲಗಿದ್ದ ಗಂಡ ಕಣ್ಣು ಬಿಡದೆಯೇ, "ಮೊದಲು ನೀನು ಹಾರಾಡಬೇಡ, ಮಲಕ್ಕೋ," ಅಂದರು.

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಕಾಗದದ ಮೇಲಲ್ಲ, ಹಲಗೆಯಷ್ಟು ಅಗಲದ ಒಂದು ಕಂಪ್ಯೂಟರ್ ಸ್ಕ್ರೀನಿನ ಮೇಲೆಯೇ ಪೆನ್ನು ಒತ್ತಿ ಬರೆಯುತ್ತೇನೆ. ನನ್ನ ಗಂಡ ಕೈಗಡಿಯಾರ ರಿಪೇರಿ ಮಾಡುತ್ತಾರೆ. ಮದುವೆಯಾದ ಹೊಸದರಲ್ಲಿ ಮನೆಯಲ್ಲಿ ಎರಡು ಮೇಜಿಗೆ ಜಾಗವಿರಲಿಲ್ಲ. ಒಂದೇ ಮೇಜಿನ ಆಚೆ ಅವರು, ಈಚೆ ನಾನು. ಆಮೇಲೆ ಹಿಂದಿನ ಕೋಣೆ ಖಾಲಿಯಾಯಿತು, ಆದರೆ ಎದ್ದು ಹೋಗಲು ಇಬ್ಬರಿಗೂ ಮನಸ್ಸಾಗಲಿಲ್ಲ. ನಮ್ಮ ಮಾತುಕತೆಯೆಲ್ಲ ಆ ಮೇಜಿನ ಮೇಲೆಯೇ. ಅವರು ತಲೆ ಬಗ್ಗಿಸಿಕೊಂಡೇ ಒಂದು ಮಾತು ಆಡುತ್ತಾರೆ. ನಾನು ಒಂದು ಎಲೆಗೆ ಬಣ್ಣ ತುಂಬಿ ಮುಗಿಸಿ ಉತ್ತರ ಕೊಡುತ್ತೇನೆ. ಅಷ್ಟು ಹೊತ್ತು ನಡುವೆ ಬಿದ್ದಿರುವ ಗಡಿಯಾರಗಳು ಟಿಕ್‌ಟಿಕ್ ಎನ್ನುತ್ತ ಮಾತಿನ ಜಾಗ ಕಾಯುತ್ತವೆ.

ಕಾಡುಪ್ರಾಣಿಗಳ ಹೊಸ ಪುಸ್ತಕವೊಂದರ ಕೆಲಸ ಹಿಡಿದ ಮೇಲೆ ಶುರುವಾಯಿತು ನೋಡಿ ಈ ನಡುಕ! ಅವರ ತಟ್ಟೆಯೊಳಗಿನ ಸಾಸಿವೆಗಿಂತ ಸಣ್ಣ ಸ್ಕ್ರೂಗಳು ಕುಪ್ಪಳಿಸಿ ನೆಲಕ್ಕೆ ಬೀಳತೊಡಗಿದವು. ನನ್ನದು ಭಾರದ ಕೈ, ಒರಗಿ ಒತ್ತಿ ಬರೆಯುವ ಚಾಳಿ. ತಪ್ಪು ನನ್ನದೇ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಒಂದು ದಿನ ಗಂಡ ಮೆಲ್ಲಗೆ ಅಂದರು:

"ನಾನು ಹಿಂದಿನ ಕೋಣೆಗೆ ಹೋಗ್ತೀನಿ ಕಣೇ. ನೀನು ಆರಾಮಾಗಿ ಬರಿ."

"ಅಲ್ಲಿ ಒಂದು ಕಿಟಕಿ ಕೂಡ ಇಲ್ಲ!"

"ಗಡಿಯಾರದ ಒಳಗೂ ಕಿಟಕಿ ಇರಲ್ಲ. ನನಗೆ ಅಭ್ಯಾಸ ಇದೆ."

'ಹೋಗಬೇಡಿ' ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಸುಲಭದ ಮಾತು ಸಮಯಕ್ಕೆ ಸರಿಯಾಗಿ ನನ್ನ ಬಾಯಿಗೆ ಬಂದ ದಾಖಲೆಯೇ ಇಲ್ಲ. ಹಾಗಾಗಿ ಮರುದಿನ ಬೆಳಿಗ್ಗೆ ಆ ಘೋರ ಪ್ರತಿಜ್ಞೆ ಮಾಡಿ, ಆರ್ಮ್ ಕೊಳ್ಳಲು ಹೊರಟೆ.

ಆರ್ಮ್ ಅಂದರೆ ಮೇಜಿನ ಅಂಚನ್ನು ಕಚ್ಚಿಕೊಂಡು, ಸ್ಕ್ರೀನನ್ನು ಗಾಳಿಯಲ್ಲಿ ಎತ್ತಿ ಹಿಡಿಯುವ ಲೋಹದ ತೋಳು. ಒಳಗೆ ಸ್ಪ್ರಿಂಗ್ ಇರುತ್ತದೆ. ಮೇಲೆ ಎತ್ತಿದರೆ ಮೇಲೆ, ಕೆಳಗೆ ಎಳೆದರೆ ಕೆಳಗೆ, ಬಿಟ್ಟಲ್ಲಿ ನಿಲ್ಲಬೇಕು. ಸ್ಕ್ರೀನು ಮೇಜಿಗೆ ತಾಗದಿದ್ದರೆ ಮೇಜು ಎಲ್ಲಿಂದ ಅಲ್ಲಾಡೀತು? ಆ ಆರ್ಮೇ ಮೇಜನ್ನು ಕಚ್ಚಿಕೊಂಡಿರುತ್ತದಲ್ಲ ಎಂದು ನಿಮಗೆ ಈಗಾಗಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ!

ಅಂಗಡಿಯವನು ಫೋನಿನಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಮೇಜಿನ ಹಲಗೆ ಎಷ್ಟು ದಪ್ಪ? ಸ್ಕ್ರೀನು ಎಷ್ಟು ತೂಕ? ದಪ್ಪವನ್ನು ನನ್ನ ಗಂಡ ಗಡಿಯಾರದ ಚಕ್ರ ಅಳೆಯುವ ಸಾಧನದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಅಳೆದುಕೊಟ್ಟರು. ತೂಕದ ಖಾತೆ ನನ್ನದು. ಸ್ಕ್ರೀನನ್ನು ಸುಮ್ಮನೆ ತೂಗಿದರೆ ಏನು ಬಂತು? ಒರಗಿ ಬರೆಯುವವಳಿಗೆ ಒರಗಿದಾಗಿನ ತೂಕವೇ ನಿಜವಾದ ತೂಕ! ಮೈತೂಕ ನೋಡುವ ಯಂತ್ರವನ್ನು ನೆಲಕ್ಕಿಟ್ಟು, ಅದರ ಮೇಲೆ ಸ್ಕ್ರೀನು ಇಟ್ಟು, ಮಂಡಿಯೂರಿ, ಮೊಣಕೈ ಊರಿ, ಪೆನ್ನು ಒತ್ತಿದೆ.

"ಎಷ್ಟು ತೋರಿಸ್ತಿದೆ, ಓದಿ ರೀ!"

"ಒರಗದಿದ್ರೆ ನಾಲ್ಕು ಕಿಲೋ, ಒರಗಿದ್ರೆ ಹದಿನಾಲ್ಕು. ಯಾವುದು ಹೇಳ್ತೀಯ?"

"ದೊಡ್ಡದು!"

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಇನ್ನೂ ಸ್ವಲ್ಪ ಸೇರಿಸಿ ಹೇಳಮ್ಮ. ನಾಳೆ ಅದರ ಮೇಲೆ ಕೂತು ಊಟಾನೂ ಮಾಡ್ತೀಯೋ ಏನೋ," ಅಂದರು.

ಅಂಗಡಿಯವನು ಅನುಮಾನಿಸಿದ. "ಇದು ಗೋಡೆಯಷ್ಟು ದೊಡ್ಡ ಸ್ಕ್ರೀನಿಗೆ ಮಾಡಿದ್ದು ಮೇಡಂ. ನಿಮ್ಮದು ಅಷ್ಟು ದೊಡ್ಡದಾ?"

"ಸ್ಕ್ರೀನು ಚಿಕ್ಕದೇ. ಕಲಾವಿದೆ ದೊಡ್ಡವಳು!" ಎಂದೆ.

ಆರ್ಮ್ ಬಂತು. ಪೈಲ್ವಾನನ ತೋಳಿನ ಹಾಗಿತ್ತು. ಗಂಡ ಅದನ್ನು ಮೇಜಿಗೆ ಬಿಗಿದು, ಸ್ಕ್ರೀನು ಜೋಡಿಸಿ, "ಹೂಂ, ಕೈ ಬಿಡು," ಅಂದರು. ಬಿಟ್ಟೆ. ಸ್ಕ್ರೀನು, ಸಭೆಗೆ ಹಿರಿಯರು ಬಂದರೆ ಎದ್ದು ನಿಲ್ಲುವ ಹಾಗೆ, ನಿಧಾನವಾಗಿ, ಅತ್ಯಂತ ಗೌರವದಿಂದ, ತಾನೇ ಎದ್ದು ನಿಂತಿತು! ಟೀ ಹಿಡಿದುಕೊಂಡು ಒಳಗೆ ಬರುತ್ತಿದ್ದ ಅತ್ತೆ ಗಕ್ಕನೆ ನಿಂತರು.

"ಅಯ್ಯೋ, ಕೂತ್ಕೊಳಪ್ಪ! ಮನೆಯವರಿಗೆಲ್ಲ ಯಾಕೆ ಇಷ್ಟು ಮರ್ಯಾದೆ!"

ನಾನು ಸೋಲುತ್ತೇನೆಯೇ? ಅದನ್ನು ಅದುಮಿ ಕೂರಿಸಿ, ಮೇಲೆ ಒರಗಿ, ಮೊಸಳೆಯೊಂದನ್ನು ಬರೆಯಲು ಶುರು ಮಾಡಿದೆ. ಒರಗಿರುವಷ್ಟು ಹೊತ್ತು ಸ್ಕ್ರೀನು ಸಾಧುಪ್ರಾಣಿ. ಬಣ್ಣ ಬದಲಿಸಲು ಮೊಣಕೈ ಎತ್ತಿದ್ದೇ ತಡ, ಸುಂಯ್ ಎಂದು ಮೇಲಕ್ಕೆ ಹಾರಿತು! ಮೊಸಳೆಯ ಬಾಲ ಆಕಾಶಕ್ಕೆ ಹೋಯಿತು. ಮೇಜು ಕುಲುಕಿತು. ತಟ್ಟೆ ಮಗುಚಿ, ಸ್ಕ್ರೂಗಳೆಲ್ಲ ಚೆಲ್ಲಾಪಿಲ್ಲಿ!

"ಯಾರೂ ಕಾಲು ಎತ್ತಬೇಡಿ!" ಗಂಡ ಕೂಗಿದರು. ಅದು ನಮ್ಮ ಮನೆಯ ಕಾನೂನು. ಇಬ್ಬರೂ ಟಾರ್ಚು ಹಿಡಿದು ನೆಲದ ಮೇಲೆ ತೆವಳಿದೆವು. ಅತ್ತೆ ಲೋಟ ಹಿಡಿದು ವಿಗ್ರಹದ ಹಾಗೆ ನಿಂತೇ ಇದ್ದರು. ಎಲ್ಲವೂ ಸಿಕ್ಕವು, ಒಂದನ್ನು ಬಿಟ್ಟು.

"ಈಗಲಾದ್ರೂ ಟೀ ಕುಡೀಲೇನೋ?"

"ಬೇಡಮ್ಮ! ತಾಳು, ಮೊದಲು ಸೋಸೋಣ!"

ಸೋಸಿದೆವು. ಸಿಕ್ಕಿತು! ಅತ್ತೆ ಜಾಲರಿಯನ್ನು ದಿಟ್ಟಿಸಿ, "ಸಕ್ಕರೆ ಕರಗಿಲ್ಲ ಅಂದ್ಕೊಂಡು ಅಗಿದೇ ಬಿಡ್ತಿದ್ದೆ," ಅಂದರು.

ಮುಂದಿನ ಉಪಾಯವೂ ನನ್ನದೇ. ಸ್ಕ್ರೀನಿಗೆ ತೂಕ ಸಾಲದು ತಾನೇ? ದುಪಟ್ಟಾ ಕಟ್ಟಿ ಇಸ್ತ್ರಿಪೆಟ್ಟಿಗೆಯನ್ನು ನೇತು ಹಾಕಿದೆ. ಅದು ಆ ಕಡೆಯಿಂದ ಈ ಕಡೆಗೆ ತೂಗಾಡುತ್ತ ನನ್ನ ಮಂಡಿಗೆ ಬಡಿಯತೊಡಗಿತು.

"ಗೋಡೆ ಗಡಿಯಾರ ರಿಪೇರಿ ನಾನು ಮಾಡಲ್ಲ ಕಣೇ," ಅಂದರು ಗಂಡ.

ಇಸ್ತ್ರಿಪೆಟ್ಟಿಗೆ ಬಿಚ್ಚಿದೆ. ಸ್ಕ್ರೀನು ಎದ್ದೇ ನಿಲ್ಲುತ್ತದೆಯಾದರೆ ನಾನೂ ಎದ್ದು ನಿಲ್ಲುತ್ತೇನೆ! ತುದಿಗೆ ಏರಿದ ಸ್ಕ್ರೀನಿನ ಎದುರು ನಿಂತುಕೊಂಡು, ಕೈ ಮೇಲೆತ್ತಿ, ಗೋಡೆಗೆ ಸುಣ್ಣ ಬಳಿಯುವವಳಂತೆ ಆಮೆಯನ್ನು ಬರೆದೆ. ಒತ್ತಿ ಬರೆದೆ. ಮೇಜು ಮಿಸುಕಲಿಲ್ಲ! ಇನ್ನೂ ಒತ್ತಿದೆ. ಊಹೂಂ!

"ನೋಡಿದ್ರಾ! ಒಂದು ಸ್ಕ್ರೂನಾದ್ರೂ ಹಾರಿತಾ?"

ಸ್ಕ್ರೀನಿನ ಎಡಗಡೆಯಿಂದ ಅವರ ತಲೆ ಇಣುಕಿತು. ಸ್ವಲ್ಪ ಹೊತ್ತಿಗೆ ಬಲಗಡೆಯಿಂದ.

"ಏನ್ರೀ ಅದು?"

"ಏನಿಲ್ಲ. ಕತ್ತು ಹಿಡ್ಕೊಂಡಿದೆ."

ನನ್ನ ಭುಜವೂ ಸೋತಿತ್ತು. ಅವರೇ ಎದ್ದು ಬಂದು, "ಸ್ಪ್ರಿಂಗ್ ಇರೋ ಕಡೆ ಅದನ್ನ ಸಡಿಲ ಮಾಡೋ ಸ್ಕ್ರೂ ಇರಲೇಬೇಕು," ಎನ್ನುತ್ತ ಹುಡುಕಿ, ತಿರುಗಿಸಿ ತಿರುಗಿಸಿ ಸಡಿಲ ಮಾಡಿದರು. ಸ್ಕ್ರೀನು ನನ್ನ ಎದೆಯ ಮಟ್ಟಕ್ಕೆ ಇಳಿದು ನಿಂತಿತು. ಒರಗಿದೆ. ಮೆತ್ತಗೆ ಕೆಳಗಿಳಿದು, ಮೊದಲಿದ್ದಲ್ಲೇ ಮೇಜಿನ ಮೇಲೆ ಮಲಗಿಕೊಂಡಿತು. ಹೋಗಲಿ ಎಂದು ಕತ್ತೆ ಬರೆಯಲು ಶುರು ಮಾಡಿದೆ. ಕಿವಿ ಮುಗಿಸಿ ತುಟಿಗೆ ಬಂದೆನೋ ಇಲ್ಲವೋ, ಮೇಜು ಗಡಗಡ! ಒಂದು ಸ್ಕ್ರೂ ಟಣ್ಣನೆ ಹಾರಿ ನನ್ನ ಕತ್ತೆಯ ಮೂಗಿನ ಮೇಲೆಯೇ ಬಂದು ಕೂತಿತು.

ಪೆನ್ನು ಕೆಳಗಿಟ್ಟೆ. "ಹೋಗಿ ರೀ, ಹಿಂದಿನ ಕೋಣೆಗೇ ಹೋಗಿ. ನನ್ನ ಕೈಯಲ್ಲಿ ಆಗಲ್ಲ. ನೀವು ಎದುರಿಗೆ ಇರ್ಬೇಕು ಅಂತ ಇಷ್ಟೆಲ್ಲ..." ಅಷ್ಟಕ್ಕೇ ನಿಲ್ಲಿಸಿ, ಕತ್ತೆಯ ಮೂಗಿನ ಮೇಲಿದ್ದ ಸ್ಕ್ರೂವನ್ನು ಎತ್ತಿ ಅವರ ತಟ್ಟೆಗೆ ಹಾಕಿದೆ.

ಗಂಡ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆದರು.

"ಇನ್ನಾದ್ರೂ ಬಾಯಿ ಬಿಡೋ," ಅಂದರು ಅತ್ತೆ. "ಹುಡುಗಿ ಅಳೋ ಹಾಗಿದಾಳೆ."

"ಅದು... ಮೇಜು ಅಲ್ಲಾಡಿಸ್ತಿರೋದು ನೀನಲ್ಲ ಕಣೇ."

"ಮತ್ತೆ?"

"ನಾನು."

ನನಗೆ ಅರ್ಥವಾಗಲಿಲ್ಲ.

"ನೀನು ಯಾವ ಪ್ರಾಣಿ ಬರೀತೀಯೋ ಅದರ ಮುಖ ಮಾಡ್ತೀಯ. ಮೊಸಳೆ ಬರೆಯುವಾಗ ಬಾಯಿ ತೆಗೀತೀಯ. ಆಮೆ ಬಂದ್ರೆ ಕತ್ತು ಒಳಗೆ ಎಳ್ಕೋತೀಯ. ಈಗ ಕತ್ತೆಗೆ ಕೆಳತುಟಿ ಇಷ್ಟುದ್ದ ಬಿಟ್ಟಿದ್ದೆ. ನಗು ಬರತ್ತೆ. ತಡ್ಕೋತೀನಿ. ತಡ್ಕೊಂಡಷ್ಟೂ ಮೈಯೆಲ್ಲ ಕುಲುಕುತ್ತೆ, ಮೊಣಕೈ ಮೇಜಿನ ಮೇಲಿರತ್ತೆ..."

"ಮೊದಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಮುಖ ಬಿಗಿ ಹಿಡ್ಕೋತೀಯ. ಆಮೇಲೆ ನಿನ್ನ ಕತ್ತೆ, ಮೊಸಳೆ ಎಲ್ಲ ಮುಖ ಬಿಗಿ ಹಿಡ್ಕೋತಾವೆ. ಅದಕ್ಕಿಂತ ನಾನೇ ಎದ್ದು ಹೋಗೋದು ವಾಸಿ ಅನ್ನಿಸ್ತು."

ಕಣ್ಣು ತುಂಬಿತ್ತೋ ಸಿಟ್ಟು ಬಂದಿತ್ತೋ ನನಗೇ ಗೊತ್ತಾಗಲಿಲ್ಲ. ಅವರು ಎದ್ದು ಅಡುಗೆಮನೆಯಿಂದ ಒಂದು ಮುಚ್ಚಳ ತಂದು ಸ್ಕ್ರೂ ತಟ್ಟೆಯ ಮೇಲೆ ಇಟ್ಟರು. ಆಮೇಲೆ ಆರ್ಮನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿ, ತಮ್ಮ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತರು.

"ಹೂಂ, ಬರಿ. ಮುಂದೇನು, ಗೂಬೆಯಾ?" ಅಂದರು, ಆಸೆಯಿಂದ.

ಈಗ ಇದನ್ನು ಬರೆಯುತ್ತಿರುವುದೂ ಅದೇ ಮೇಜಿನ ಮೇಲೆ. ಎದುರಿಗೆ ಅವರಿದ್ದಾರೆ. ಮೇಜು ಅಲ್ಲಾಡುತ್ತಿದೆ! ಅತ್ತೆಯ ಮಾತು ಬರೆಯುವಾಗ ಅತ್ತೆಯ ಮುಖ, ಅಂಗಡಿಯವನ ಮಾತು ಬರೆಯುವಾಗ ಅಂಗಡಿಯವನ ಮುಖ ಮಾಡಿದೆನಂತೆ. ಕತ್ತೆ, ಮೊಸಳೆ ಒಪ್ಪಿಕೊಂಡೆ. ಇದನ್ನು ಮಾತ್ರ ಖಂಡಿತ ಒಪ್ಪುವುದಿಲ್ಲ. ಬರೀ ಅಕ್ಷರ ಬರೆಯುವಾಗ ಯಾರಾದರೂ ಮುಖ ಮಾಡುತ್ತಾರೆಯೇ, ನೀವೇ ಹೇಳಿ! ನಾನಂತೂ ಅಂಥವಳೇ ಅಲ್ಲ. ಬೇಕಾದರೆ... ತಾಳಿ, ಆ ಕೋಣೆಯಲ್ಲಿ ಕನ್ನಡಿ ಇದೆ, ಇದೇ ಮುಖ ಹಿಡಿದುಕೊಂಡು ಹೋಗಿ ಒಂದು ಸಲ ನೋಡಿಕೊಂಡೇ ಬರುತ್ತೇನೆ!