ಅತ್ತೆಯ ಹೊಟ್ಟೆ ಕಟ್ಟಿದ್ದು

ಸುಮ್ಮನೆ ಕೂರುವ ವಿದ್ಯೆ ನನಗೆ ಬಂದಿಲ್ಲ. ಯಾರಿಗೆ ಏನಾದರೂ ಮೊದಲು ಓಡಾಡುವವನು ನಾನು. ಓಡಾಡಿ ಓಡಾಡಿ ಅದನ್ನ ಇನ್ನಷ್ಟು ಕೆಡಿಸುವವನೂ ನಾನೇ. "ಇಂಥದ್ದೆಲ್ಲ ನಮ್ಮನೇಲೇ ಯಾಕೆ ಆಗುತ್ತೆ?" ಅಂತ ಕೇಳಿದರೆ ಹೆಂಡತಿ ಹೇಳುತ್ತಾಳೆ, "ಆಗಲ್ಲ ರೀ, ನೀವು ಕರ್ಕೊಂಡು ಬರ್ತೀರ." ಹೋದ ಅಕ್ಟೋಬರಿನಲ್ಲಿ ಸ್ವೀಡನ್ನಿನ ಉಪ್ಸಾಲಾದ ನಮ್ಮ ಮನೆಯಲ್ಲಿ ನಡೆದದ್ದನ್ನ ಹೇಳ್ತೀನಿ. ಅವಳದ್ದು ಸರಿಯೋ ನನ್ನದು ಸರಿಯೋ ನೀವೇ ತೀರ್ಮಾನ ಮಾಡಿ.

ಅತ್ತೆ ಬಂದರು

ಹೆಂಡತಿಗೆ ಎಂಟು ತಿಂಗಳು ತುಂಬಿತ್ತು. ಬಾಣಂತನಕ್ಕೆ ಅಂತ ಅತ್ತೆ ಚಿತ್ರದುರ್ಗದಿಂದ ಬಂದರು. ಸೂಟ್‌ಕೇಸಿನಲ್ಲಿ ಅವರದ್ದು ಅಂತ ನಾಲ್ಕು ಸೀರೆ, ಎರಡು ಸ್ವೆಟರು. ಮಿಕ್ಕಿದ್ದೆಲ್ಲ ಬಾಣಂತಿ ಲೇಹ್ಯ, ಕೊಬ್ಬರಿ, ಒಣಶುಂಠಿ, ಬಜೆ, ಮೆಂತ್ಯ.

ನಮ್ಮ ಅತ್ತೆ ಹಳೇ ಕಾಲದವರು. ಮದುವೆಯಾಗಿ ಆರು ವರ್ಷ ಆದರೂ ನನ್ನ ಜೊತೆ ನೇರವಾಗಿ ಒಂದು ಮಾತಾಡಿದವರಲ್ಲ. ನಾನು ಎದುರಿಗೇ ತಟ್ಟೆ ಹಿಡಿದು ಕೂತಿದ್ದರೂ ಮಗಳನ್ನ ಕೇಳುತ್ತಾರೆ, "ಅಳಿಯಂದಿರಿಗೆ ಇನ್ನೊಂದು ದೋಸೆ ಹಾಕ್ಲಾ ಕೇಳೇ." ನಾನು ಒಳಗೆ ಬಂದರೆ ಎದ್ದು ನಿಲ್ಲುತ್ತಾರೆ. ಅಷ್ಟು ಮರ್ಯಾದೆ ನನಗೆ ನಮ್ಮಮ್ಮನೂ ಕೊಟ್ಟಿಲ್ಲ.

ಮನೆ ಅಂದರೆ ಎರಡು ರೂಮು, ಒಂದು ಅಡುಗೆಮನೆ. ಬೆಡ್‌ರೂಮು ತಾಯಿ ಮಗಳಿಗೆ ಬಿಟ್ಟುಕೊಟ್ಟು ನಾನು ಹಾಲಿನ ಸೋಫಾಕ್ಕೆ ಬಂದೆ. ಸೋಫಾದ ಪಕ್ಕ ನನ್ನ ಆಫೀಸ್ ಮೇಜು. ಮೇಜಿನ ಪಕ್ಕ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಟಾಯ್ಲೆಟ್ ಬಾಗಿಲು. ಅತ್ತೆಗೆ ಹೊಸ ಜಾಗದಲ್ಲಿ ಬೇಜಾರಾಗಬಾರದು ಅಂತ ಒಂದು ವಾರ ರಜೆ ಹಾಕಿ ದಿನಪೂರ್ತಿ ಅಲ್ಲೇ ಇದ್ದೆ.

ಐದನೇ ದಿನ ಹೆಂಡತಿ ನನ್ನನ್ನ ಅಡುಗೆಮನೆಗೆ ಕರೆದು, ನಲ್ಲಿ ತಿರುಗಿಸಿ, ಕಿವಿ ಹತ್ತಿರ ಬಂದಳು.

"ಅಮ್ಮಂಗೆ ಬಂದಾಗಿಂದ ಮೋಷನ್ ಆಗಿಲ್ಲ."

"ಐದು ದಿನದಿಂದಾನಾ?"

"ಮೆತ್ತಗೆ ರೀ! ಹೊಟ್ಟೆ ಉಬ್ಬರ, ಊಟ ಸೇರ್ತಿಲ್ಲ, ತಲೆನೋವು ಬೇರೆ. ಹೀಗೇ ಆದ್ರೆ ಟಿಕೆಟ್ ಬದಲಾಯಿಸಿಕೊಡಿ, ಊರಿಗೆ ಹೋಗ್ತೀನಿ ಅಂತಿದಾರೆ."

ಅರವತ್ತೆರಡು ವರ್ಷದ ಜೀವ, ಪರದೇಶ, ಒಳಗೆ ಏನಾಗಿದೆಯೋ ಏನೋ ಅನ್ನೋ ಭಯ ಒಂದು ಕಡೆ, ಬಾಣಂತನದ ಚಿಂತೆ ಇನ್ನೊಂದು ಕಡೆ.

"ಅವರು ಹೊರಟುಹೋದ್ರೆ ಬಾಣಂತನ ಯಾರು ಮಾಡ್ತಾರೆ?" ಅಂದೆ.

ನನ್ನನ್ನೇ ನೋಡಿದಳು. ಹಿಂದಿನ ತಿಂಗಳು ಸಾರಿಗೆ ಒಗ್ಗರಣೆ ಹಾಕಲು ಹೋಗಿ ಹೊಗೆ ಅಲಾರಂ ಹೊಡೆಸಿ ಇಡೀ ಬಿಲ್ಡಿಂಗನ್ನ ಅಂಗಳಕ್ಕೆ ಇಳಿಸಿದವನು ನಾನು. ಇಬ್ಬರೂ ಒಟ್ಟಿಗೇ ಹೆದರಿದೆವು.

ಔಷಧಿ ಅಂಗಡಿಯಲ್ಲಿ

ಮಾರನೇ ದಿನವೇ ಔಷಧಿ ಅಂಗಡಿಗೆ ಓಡಿದೆ. ಅಲ್ಲಿ ನಂಬರ್ ಚೀಟಿ ತಗೊಂಡು ಕಾಯಬೇಕು. ನನ್ನ ಮುಂದೆ ಐದು ಜನ. ಅಷ್ಟರಲ್ಲಿ ನಾನು ಎರಡು ಸಲ ಹೊರಗೆ ಹೋಗಿ ಬಂದೆ, ಒಂದು ಸಲ ಯಾಕೆ ಹೋದೆ ಅಂತ ನನಗೇ ಗೊತ್ತಿಲ್ಲ.

ಕೌಂಟರಿನ ಹೆಂಗಸು ಕೇಳಿದಳು, "ಮಲಬದ್ಧತೆ ಯಾರಿಗೆ?"

ಅತ್ತೆಯ ಹೆಸರನ್ನ ಇಂಥಾ ವಿಷಯದಲ್ಲಿ ಅಂಗಡಿಯಲ್ಲಿ ಎತ್ತೋದೇ? ಛೆ, ಎಲ್ಲಾದರೂ ಉಂಟೇ! "ನನಗೇ" ಅಂದೆ.

"ಎಷ್ಟು ದಿನದಿಂದ?"

"ಆರು."

"ಆರು! ಗಟ್ಟಿಯಾಗಿದೆಯಾ? ತಿಣುಕಬೇಕಾಗುತ್ತಾ? ರಕ್ತ ಏನಾದರೂ?"

ಸ್ವೀಡನ್ನಿನವರು ಜೋರಾಗಿ ಮಾತಾಡಲ್ಲ, ನಿಜ. ಆದರೆ ಮಿಕ್ಕವರೂ ಮಾತಾಡಲ್ಲವಲ್ಲ, ಎಲ್ಲ ಸ್ಪಷ್ಟವಾಗಿ ಕೇಳುತ್ತೆ. ಸಿರಪ್ಪು ತಗೊಂಡು ತಿರುಗಿದರೆ ಹಿಂದೆ ನಮ್ಮ ಆಫೀಸಿನ ಹುಡುಗಿ, ಮೂಗಿನ ಸ್ಪ್ರೇ ಹಿಡಿದು ನೆಲ ನೋಡುತ್ತಾ ನಿಂತಿದ್ದಾಳೆ.

ಭಾನುವಾರ ನಾವು ಗಂಡ ಹೆಂಡತಿ ತರಕಾರಿಗೆ ಹೋಗಿ ಬರುವಷ್ಟರಲ್ಲಿ ಸಿರಪ್ಪು ಸ್ವಲ್ಪ ಕೆಲಸ ಮಾಡಿತು. ಬಾಟಲಿಗೆ ಕೈ ಮುಗಿದೆ.

ಸೋಮವಾರ ಆಫೀಸಿಗೆ ಹೋದೆ. ಒಂಬತ್ತೂವರೆಗೆ ಫೀಕಾ, ಅಂದರೆ ಎಲ್ಲರೂ ಕೂತು ಕಾಫಿ ಕುಡಿಯುವ ಹೊತ್ತು. ಎಲ್ಲರ ಮುಂದೆ ದಾಲ್ಚಿನ್ನಿ ಬನ್ನು. ನನ್ನ ಮುಂದೆ ಮಾತ್ರ ನಾಲ್ಕು ಕಿವಿ ಹಣ್ಣು, ಒಂದು ಬಟ್ಟಲು ಒಣ ಪ್ಲಮ್ಮು, ಹೊಟ್ಟೆ ಸಡಿಲವಾಗಲಿ ಅಂತ. ಎಲ್ಲರೂ ಪ್ರೀತಿಯಿಂದ ತಲೆ ಆಡಿಸಿದರು. ಆಮೇಲೆ ಬಾಸು ನನ್ನನ್ನ ಸಣ್ಣ ರೂಮಿಗೆ ಕರೆದು ಬಾಗಿಲು ಹಾಕಿದ.

"ಇದರಲ್ಲಿ ನಾಚಿಕೊಳ್ಳೋದು ಏನಿಲ್ಲ. ಇವತ್ತಿಂದ ಪೂರ್ತಿ ಮನೆಯಿಂದಲೇ ಕೆಲಸ ಮಾಡು. ಮನುಷ್ಯನಿಗೆ ತನ್ನ ಟಾಯ್ಲೆಟ್ ಹತ್ತಿರ ಇರಬೇಕು."

ಕಣ್ಣಲ್ಲಿ ನೀರು ಬಂತು. ಅತ್ತೆಯನ್ನ ನೋಡಿಕೊಳ್ಳಲು ದೇವರೇ ದಾರಿ ತೋರಿಸಿದ ಅಂತ ಹನ್ನೊಂದು ಗಂಟೆಗೆಲ್ಲ ಮನೆಗೆ ಬಂದು ಬಾಗಿಲು ತೆಗೆದೆ. ಅತ್ತೆ ಚೊಂಬು ಹಿಡಿದು ಹಾಲಿನ ಮಧ್ಯೆ ಬರುತ್ತಿದ್ದರು. ನನ್ನನ್ನ ನೋಡಿ ಗಕ್ಕನೆ ನಿಂತರು. ಹಾಗೇ ತಿರುಗಿ, ಕಿಟಕಿಯಲ್ಲಿದ್ದ ಗಿಡಕ್ಕೆ ಅಷ್ಟೂ ನೀರು ಸುರಿದು ಬೆಡ್‌ರೂಮಿಗೆ ಹೋದರು. ಪಾಪ, ಹೊಟ್ಟೆ ಸರಿ ಇಲ್ಲದಿದ್ದರೂ ಗಿಡ ಅಂದರೆ ಎಷ್ಟು ಪ್ರೀತಿ ಅಂದುಕೊಂಡೆ. ಆ ವಾರ ದಿನಕ್ಕೆ ಐದಾರು ಸಲ ಹಾಗೇ ನೀರು ಹಾಕಿದರು. ಶುಕ್ರವಾರ ಗಿಡ ಕೊಳೆತು ಸತ್ತಿತು.

ಶೋವ್ಡೆಗೆ ಹೋಗಿ ಬಂದದ್ದು

ಗಿಡ ಹೋಯಿತು, ಹೊಟ್ಟೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಬಿಸಿನೀರು, ತುಪ್ಪ, ಪಪ್ಪಾಯಿ ಎಲ್ಲ ಆಯಿತು. ನಾನು ಮೀಟಿಂಗಿನಲ್ಲಿ ಕೂತರೂ ಮನಸ್ಸೆಲ್ಲ ಅತ್ತೆಯ ಹೊಟ್ಟೆಯಲ್ಲೇ. ಶೋವ್ಡೆ ಅನ್ನೋ ಊರಲ್ಲಿ ಕಾರ್ ಎಂಜಿನ್ ಕಾರ್ಖಾನೆಯಲ್ಲಿರುವ ಮಂಗಳೂರಿನ ಗೆಳೆಯನಿಗೆ ಫೋನ್ ಮಾಡಿದೆ. ಭಾಯ್ ಅಂತ ಕರೀತೀನಿ ಅವನನ್ನ.

"ಭಾಯ್, ಹೀಗಾಗಿದೆ."

"ಇಷ್ಟೇನಾ ಮಾರಾಯ? ನನ್ನ ಅಮ್ಮ ಊರಿಂದ ಇಸಬ್‌ಗೋಲ್ ತಂದದ್ದುಂಟು. ರಾತ್ರಿ ನೀರಿಗೆ ಹಾಕಿ ಕುಡಿಸು. ಪೋಸ್ಟ್ ಮಾಡ್ತೇನೆ."

"ಪೋಸ್ಟ್ ಬೇಡ, ನಾನೇ ಬರ್ತೀನಿ!"

ಹೆಂಡತಿ ತಲೆ ಚಚ್ಚಿಕೊಂಡಳು. "ಅದು ಇಲ್ಲೇ ಸಿಗುತ್ತೆ ರೀ, ಬೀದಿ ಕೊನೇಲಿ." ಊರಿಂದು ಊರಿಂದೇ ಕಣೇ ಅಂತ ಶನಿವಾರ ಬೆಳಗ್ಗೆ ರೈಲು ಹತ್ತಿದೆ. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಭಾಯ್ ಮನೆಯಲ್ಲಿ ಬಿರಿಯಾನಿ ಬಡಿಸಿದರೂ ಅರ್ಧಕ್ಕೇ ಎದ್ದೆ. ಪ್ಯಾಕೆಟ್ಟನ್ನ ಎದೆಗೆ ಅವಚಿಕೊಂಡು ಸಂಜೆ ಮನೆ ಬಾಗಿಲು ತೆಗೆದರೆ ಹೆಂಡತಿ ನಗುತ್ತಾ ನಿಂತಿದ್ದಾಳೆ.

"ಆಯ್ತು ರೀ! ಅಮ್ಮಂಗೆ ಆಯ್ತು. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಎರಡು ಚಪಾತಿ ತಿಂದು ಹಾಯಾಗಿ ಮಲಗಿದಾರೆ."

ನಾನು ಕೈಯಲ್ಲಿದ್ದ ಪ್ಯಾಕೆಟ್ಟನ್ನ ನೋಡಿದೆ. ಇನ್ನೂ ಬಿಚ್ಚಿರಲಿಲ್ಲ. ಭಾಯ್‌ಗೆ ಫೋನ್ ಮಾಡಿ ಹೇಳಿದೆ, "ಏನು ಪವರ್ ಭಾಯ್ ನಿಮ್ಮ ಇಸಬ್‌ಗೋಲು! ರೈಲಲ್ಲಿ ಬರ್ತಾ ಇರುವಾಗಲೇ ಕೆಲಸ ಮಾಡಿಬಿಡ್ತು!"

ಡಾಕ್ಟರಮ್ಮನ ಏಳು ಚಿತ್ರಗಳು

ಭಾನುವಾರದಿಂದ ಮತ್ತೆ ಬಂದ್. ಇಸಬ್‌ಗೋಲು ಒಳಗೆ ಹೋಯಿತೇ ಹೊರತು ಏನೂ ಹೊರಗೆ ಬರಲಿಲ್ಲ. ಬುಧವಾರ ಅತ್ತೆ ಸೂಟ್‌ಕೇಸು ಇಳಿಸಿ ಸೀರೆ ಮಡಿಸಲು ಶುರು ಮಾಡಿದರು. ಹೆಂಡತಿ ಅಳಲು ಶುರು ಮಾಡಿದಳು. ನಾನು ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಕಾಡಿ ಬೇಡಿ ಗುರುವಾರಕ್ಕೆ ಹೊತ್ತು ಗೊತ್ತು ಮಾಡಿದೆ. ಹೆಂಡತಿಗೆ ಅದೇ ಹೊತ್ತಿಗೆ ಅವಳ ಚೆಕಪ್ಪು. ಅತ್ತೆ ಮತ್ತು ಡಾಕ್ಟರಮ್ಮನ ಮಧ್ಯೆ ಮಾತು ದಾಟಿಸುವ ಕೆಲಸ ನನ್ನ ತಲೆಗೆ ಬಂತು. ಆ ಅರ್ಧ ಗಂಟೆ ನನ್ನ ಶತ್ರುವಿಗೂ ಬೇಡ.

"ವಾರಕ್ಕೆ ಎಷ್ಟು ಸಲ ಆಗುತ್ತೆ ಕೇಳಿ" ಅಂದಳು ಡಾಕ್ಟರಮ್ಮ.

ನಾನು ಸೀಲಿಂಗು ನೋಡುತ್ತಾ, "ಅತ್ತೆ, ಅದು... ಬೆಳಗ್ಗೆ ಹೊತ್ತು... ಹೆಂಗೆ?" ಅಂದೆ.

ಅತ್ತೆ ಸೆರಗು ತಲೆ ಮೇಲೆ ಎಳಕೊಂಡರು. ನನ್ನ ಹತ್ತಿರ ಮಾತಾಡುವಂತಿಲ್ಲ, ಮಗಳು ಪಕ್ಕದಲ್ಲಿಲ್ಲ. ಕೊನೆಗೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕರುಳಿನ ಕಡೆ ತಿರುಗಿ ಅದಕ್ಕೆ ಹೇಳಿದರು, "ಎಲ್ಲಾ ಚೆನ್ನಾಗಿದೆ ಅಂತ ಅಳಿಯಂದಿರಿಗೆ ಹೇಳು."

"ತಿಣುಕಬೇಕಾ? ಪೂರ್ತಿ ಆಗಲಿಲ್ಲ ಅನ್ನಿಸುತ್ತಾ? ತೂಕ ಇಳಿದಿದೆಯಾ? ಯಾವ ಮಾತ್ರೆ ತಗೋತಾರೆ?"

ನಾನು ಬೆವೆತು ಹೋದೆ. ಅತ್ತೆ ಪ್ರತಿ ಪ್ರಶ್ನೆಗೂ ಕರುಳಿಗೆ ಚೆನ್ನಾಗಿದೆ ಅಂತಲೇ ಹೇಳಿದರು. ಡಾಕ್ಟರಮ್ಮ ಒಂದು ಹಾಳೆ ಇಟ್ಟಳು. ಅದರಲ್ಲಿ ಉಂಡೆ ಉಂಡೆಯಿಂದ ನೀರು ನೀರಿನವರೆಗೆ ಏಳು ಚಿತ್ರ. "ಮಾತು ಬೇಡ, ಯಾವ ಥರ ಇರುತ್ತೆ ಅಂತ ಬೆರಳಿಟ್ಟು ತೋರಿಸಲಿ." ಅತ್ತೆ ಕಣ್ಣು ಮುಚ್ಚಿ, ಸೆರಗಿನೊಳಗಿಂದ ಒಂದು ಬೆರಳು ಹೊರಗೆ ತಂದು, ಗೋಡೆ ಮೇಲೆ ಕೈ ತೊಳೆಯುವುದು ಹೇಗೆ ಅಂತ ಅಂಟಿಸಿದ್ದ ಹಾಳೆ ತೋರಿಸಿದರು.

ಡಾಕ್ಟರಮ್ಮ ನನ್ನ ಕಡೆ ತಿರುಗಿದಳು. "ನಿಮ್ಮ ಹೆಂಡತಿಯ ಚೆಕಪ್ಪು ಮುಗಿದಿರಬೇಕು. ಅವರಿಗೆ ಫೋನ್ ಮಾಡ್ತೀನಿ. ನೀವು ಹೊರಗೆ ಹೋಗಿ."

ಕಾರಿಡಾರಿನಲ್ಲಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ನಡೆದೆ. ದೊಡ್ಡ ಕಾಯಿಲೆ ಏನಾದರೂ ಇದ್ದರೆ? ಹೆಂಡತಿಗೆ ಹೇಗೆ ಹೇಳೋದು? ಇಪ್ಪತ್ತು ನಿಮಿಷ ಆದ ಮೇಲೆ ಒಳಗಿಂದ ನಗು ಕೇಳಿತು. ಡಾಕ್ಟರಮ್ಮನ ನಗು, ಫೋನಿನಲ್ಲಿ ಹೆಂಡತಿಯ ನಗು, ಅದರ ಮೇಲೆ ಅತ್ತೆಯ ನಗು. ಬಾಗಿಲು ತೆರೆಯಿತು.

"ಹೊಟ್ಟೆ ಮುಟ್ಟಿ ನೋಡಿದೆ. ರಕ್ತ ಇಲ್ಲ, ತೂಕ ಇಳಿದಿಲ್ಲ, ಹೆದರುವಂಥದ್ದು ಏನೂ ಕಾಣಿಸ್ತಿಲ್ಲ" ಅಂದಳು. "ಚಳಿ ಅಂತ ನೀರು ಕಡಿಮೆ ಕುಡೀತಾರೆ, ಓಡಾಟ ಇಲ್ಲ, ಕಬ್ಬಿಣದ ಮಾತ್ರೆ ಬೇರೆ. ಅದೆಲ್ಲ ಸಣ್ಣದು. ಬಂದಾಗ ಹೋಗದೆ ತಡೆದು ತಡೆದು ಇಟ್ಟುಕೊಂಡರೆ ಒಳಗೇ ಒಣಗುತ್ತೆ. ಇವರು ತಡೆದುಕೊಳ್ತಾ ಇರೋದಕ್ಕೆ ಒಂದು ಕಾರಣ ಇದೆ." ನನ್ನನ್ನ ಮೇಲಿಂದ ಕೆಳಗಿನವರೆಗೆ ನೋಡಿದಳು.

"ಗಡ್ಡೆ ಏನಾದ್ರೂ?" ಅಂದೆ.

"ಅಲ್ಲ. ನೀವು."

ಫೋನಿನಲ್ಲಿ ಹೆಂಡತಿ ನಗು ತಡಕೊಂಡು ಹೇಳಿದಳು. "ರೀ, ಬಾಗಿಲ ಪಕ್ಕ ಅಳಿಯ. ಅಳಿಯನ ಮುಂದೆ ಕಂಪ್ಯೂಟರು. ಕಂಪ್ಯೂಟರಿನೊಳಗೆ ಹದಿನಾಲ್ಕು ಜನ ಬಿಳಿಯರು. ಅವರೆಲ್ಲರ ಎದುರಿಗೆ ಹೆಂಗೆ ಹೋಗಲಿ ಅಂತ ಅಮ್ಮ! ಹೇಳಿದ್ರೆ ಅಳಿಯನ ಮೇಲೆ ದೂರು ಹೇಳಿದ ಹಾಗಾಗುತ್ತೆ ಅಂತ ನನಗೂ ಹೇಳಿಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರಮ್ಮ ಚೀಟಿ ಬರೆದು ಕೈಗೆ ಕೊಟ್ಟಳು. ನೀರು, ಸೊಪ್ಪು, ನಡಿಗೆ, ಆ ಸಿರಪ್ಪು. ಕೊನೆಯ ಸಾಲು: ಅಳಿಯ, ದಿನಕ್ಕೊಮ್ಮೆ, ತಿಂಡಿಗೆ ಮುಂಚೆ ಒಂದು ಗಂಟೆ, ಮನೆಯ ಹೊರಗೆ.

ಔಷಧಿ ಶುರುವಾಯಿತು

ಶುಕ್ರವಾರ ಬೆಳಗ್ಗೆ ಏಳಕ್ಕೆ ಟೋಪಿ, ಕೈಗವಸು ಹಾಕಿ ನನ್ನನ್ನ ಹೊರಗೆ ಕಳಿಸಿದರು. ಅಂಗಳದಲ್ಲಿ ನೆಲದ ಮೇಲೆ ಬಿಳಿ ಇಬ್ಬನಿ, ಬಾಯಿ ತೆರೆದರೆ ಹೊಗೆ. ಸುತ್ತು ಹಾಕಿದೆ. ಆಗುತ್ತೋ ಇಲ್ಲವೋ ಅನ್ನೋ ತಳಮಳಕ್ಕೆ ಇನ್ನೊಂದು ಸುತ್ತು ಹಾಕಿದೆ. ಇದೂ ಆಗದಿದ್ದರೆ ಸೋಮವಾರ ಅತ್ತೆ ವಿಮಾನ ಹತ್ತೋದು ಖಂಡಿತ. ನಾಯಿ ಹಿಡಿದು ಬಂದ ಕೆಳಮನೆಯ ಮುದುಕ ಒಂದು ಸಲ ತಲೆ ಆಡಿಸಿದ, ಎರಡನೇ ಸಲವೂ ಆಡಿಸಿದ, ಮೂರನೇ ಸಲ ದಾರಿ ಬದಲಾಯಿಸಿದ.

ಐವತ್ತು ನಿಮಿಷ ಆಗಿತ್ತು. ಮೂಗು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮೂರನೇ ಮಹಡಿಯ ಬಾಲ್ಕನಿ ಬಾಗಿಲು ಧಡಾರನೆ ತೆರೆಯಿತು. ಅತ್ತೆ! ಸೀರೆ ಮೇಲೆ ಸ್ವೆಟರು, ಮುಖ ತುಂಬ ನಗು. ಆರು ವರ್ಷದಲ್ಲಿ ಮೊದಲನೇ ಸಲ ನನ್ನನ್ನೇ ನೇರವಾಗಿ ಕರೆದರು, ಅದೂ ಚಿತ್ರದುರ್ಗದ ಕೋಟೆ ಮೇಲೆ ನಿಂತು ಕೂಗಿದಂತೆ.

"ಅಳಿಯಂದಿರೇ! ಆಯ್ತು! ಸಲೀಸಾಗಿ ಆಯ್ತು! ಬನ್ನಿ ಮ್ಯಾಲೆ, ಉಪ್ಪಿಟ್ಟು ಆರಿ ಹೋಗ್ತದೆ!"

ಅಂಗಳದ ಸುತ್ತ ನಾಲ್ಕೈದು ಕಿಟಕಿ ತೆರೆದವು. ತೆರೆಯಲಿ ಬಿಡಿ. ಬಾಣಂತನ ಉಳಿಯಿತು, ಅತ್ತೆ ಉಳಿದರು, ಮೇಲಾಗಿ ನನ್ನ ಜೊತೆ ಮಾತಾಡಿದರು! ಲಿಫ್ಟಿಗೂ ಕಾಯದೆ ಮೂರು ಮಹಡಿ ಓಡಿಕೊಂಡು ಹತ್ತಿದೆ. ಬಾಗಿಲ ಹತ್ತಿರ ಉಸಿರು ತಗೊಳ್ಳಲು ನಿಂತೆ. ಒಳಗೆ ಅತ್ತೆ ಮಗಳಿಗೆ ಹೇಳುತ್ತಿದ್ದರು:

"ಡಾಕ್ಟರಮ್ಮ ಕೊಟ್ಟ ಔಷಧಿ ಬಲೇ ಚೆನ್ನಾಗೈತೆ ಕಣೇ. ಫೋನ್ ಮಾಡಿ ಕೇಳು, ಸಾಯಂಕಾಲಕ್ಕೂ ಒಂದು ಡೋಸ್ ಹೊರಗೆ ಕಳಿಸಬಹುದಾ ಅಂತ."